ದೋಣಿ ಚಿತ್ರದ ಅಗ್ಗದ ಬಿಯರ್

ಬಿಯರ್ ಮಾರುವವನು ಸ್ವತಃ ಕುಡಿಯದವನಾದರೆ ಜನ ಅವನ ಮುಂದೆ ಏನು ಬೇಕಾದರೂ ಹೇಳಿಕೊಳ್ಳುತ್ತಾರೆ. ಹಾಗಾಗಿ ನನಗೆ ಇಂಥ ಕಥೆಗಳು ಸಿಗುತ್ತಲೇ ಇರುತ್ತವೆ.

ನಾನು ದಾವಣಗೆರೆಯವನು. ಸಿಡ್ನಿಗೆ ಅಕೌಂಟಿಂಗ್ ಓದಲು ಬಂದೆ. ಓದುತ್ತಿರುವಾಗಲೇ ಹ್ಯಾರಿಸ್ ಪಾರ್ಕ್ ಸ್ಟೇಷನ್ನಿನ ಹತ್ತಿರ ಒಂದು ಬಾಟಲ್ ಶಾಪಿನಲ್ಲಿ, ಅಂದರೆ ಮದ್ಯದಂಗಡಿಯಲ್ಲಿ, ಕೆಲಸ ಸಿಕ್ಕಿತು. ಆಮೇಲೆ ಓದು ಮುಗಿಯಿತು, ಇಲ್ಲೇ ನೆಲೆಸಲು ಪಿಆರ್ ಬಂತು, ಅಕೌಂಟಿಂಗ್ ಕೆಲಸ ಮಾತ್ರ ಬರಲಿಲ್ಲ. ಕುಡಿಯುವುದಿಲ್ಲ ಎಂದರೆ ಅದೇನೂ ವ್ರತವಲ್ಲ. ಒಂದು ಸಲ ರುಚಿ ನೋಡಿದೆ, ಚಿಕ್ಕಂದಿನಲ್ಲಿ ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಬೇವಿನ ಕಷಾಯ ನೆನಪಾಯಿತು, ಅಲ್ಲಿಗೆ ಬಿಟ್ಟೆ. ಊರಲ್ಲಿ ಅಮ್ಮನಿಗೆ ಕೂಲ್ ಡ್ರಿಂಕ್ಸ್ ಅಂಗಡಿ ಎಂದು ಹೇಳಿದ್ದೇನೆ. ಒಮ್ಮೆ ವಿಡಿಯೋ ಕಾಲ್‌ನಲ್ಲಿ ಅಂಗಡಿ ತೋರಿಸು ಎಂದು ಹಟ ಹಿಡಿದರು. ಫ್ರಿಡ್ಜಿನ ಮೂಲೆಯಲ್ಲಿದ್ದ ನಿಂಬೆ ಸೋಡಾದ ಒಂದೇ ಸಾಲನ್ನು ತೋರಿಸಿದೆ. ಇಷ್ಟು ದೊಡ್ಡ ಅಂಗಡಿಯಲ್ಲಿ ಇಷ್ಟೇ ಮಾಲು ಇಟ್ಟುಕೊಂಡರೆ ವ್ಯಾಪಾರ ಹೇಗಪ್ಪಾ ಎಂದು ಅಮ್ಮ ಚಿಂತೆ ಮಾಡಿದರು.

೧. ಚೆನ್ನಾಗಿದೆ ಎಂಬ ದೂರು

ಒಂದು ಶುಕ್ರವಾರ ಸಂಜೆ ನಾಲ್ಕಕ್ಕೆ ಎಪ್ಪತ್ತು ದಾಟಿದವರೊಬ್ಬರು ಅಂಗಡಿಗೆ ಬಂದರು. ತಲೆಗೆ ಉಣ್ಣೆ ಟೋಪಿ, ಕೈಯಲ್ಲಿ ಸ್ವೀಟ್ ಅಂಗಡಿಯ ಚೀಲ. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದವರು ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ ಕನ್ನಡಕ್ಕೆ ಇಳಿದರು. ಮೈಸೂರಿನವರು, ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಿದ್ದು ರಿಟೈರ್ ಆದ ಮೇಲೆ ಇಲ್ಲಿ ಮಗನ ಮನೆ ಸೇರಿದವರು. ಹರೆಯದಲ್ಲಿ ಅಮೆರಿಕದಲ್ಲಿ ಓದಿದ್ದರಂತೆ. ಅಮೆರಿಕದ ಬಿಯರ್ ಬೇಕು, ಇರುವುದರಲ್ಲೇ ಅಗ್ಗದ್ದು ಬೇಕು ಎಂದರು.

ಅವರನ್ನು ಇಂಪೋರ್ಟೆಡ್ ಕಪಾಟಿನ ಹತ್ತಿರ ಕರೆದೊಯ್ದೆ. ಅದಕ್ಕೆ ಗಾಜಿನ ಬಾಗಿಲು, ಒಳಗೆ ನೀಲಿ ದೀಪ. ಮಧ್ಯದ ಸಾಲಿನಲ್ಲಿ ಕೆಂಪು ಬಿಳಿ ಬಣ್ಣದ ಒಂದು ಡಬ್ಬಿ, ಅದರ ಮೇಲೆ ಹೊಗೆ ಬಿಡುವ ಹಳೇ ಕಾಲದ ದೋಣಿಯ ಚಿತ್ರ. ಪ್ರೊಫೆಸರ್ ಅದರ ಮುಂದೆ ತುಂಬಾ ಹೊತ್ತು ನಿಂತರು. ತಮ್ಮ ಜೊತೆ ಓದಿದ ದಡ್ಡ ಮಂತ್ರಿಯಾದದ್ದನ್ನು ಕಂಡವರ ಹಾಗಿತ್ತು ಮುಖ. ಅಲ್ಲಿ ಇದನ್ನು ಕೆಳಗಿನ ಶೆಲ್ಫಿನಲ್ಲಿ, ನಾಯಿ ಬಿಸ್ಕತ್ತಿನ ಪಕ್ಕ ಇಡುತ್ತಿದ್ದರು ಎಂದು ಹೇಳಿ ಆರು ಡಬ್ಬಿಯ ಒಂದು ಕಟ್ಟು ತೆಗೆದುಕೊಂಡು ಹೋದರು.

ಸೋಮವಾರ ಐದು ಡಬ್ಬಿ ವಾಪಸ್ ಬಂದವು, ಹಿಂದೆಯೇ ಪ್ರೊಫೆಸರ್. ಏನು ತೊಂದರೆ ಸರ್ ಎಂದು ಕೇಳಿದೆ.

"ಚೆನ್ನಾಗಿದೆ," ಎಂದರು.

ಹಾಗಾದರೆ ವಾಪಸ್ ಯಾಕೆ ಎಂದೆ. ಅದೇ ತೊಂದರೆ ಎಂದರು.

ವಿಷಯ ಏನೆಂದರೆ ಆ ಬಿಯರ್ ಕೆಟ್ಟದಾಗಿರಬೇಕಿತ್ತು. ಅವರ ಕಾಲದಲ್ಲಿ ಮೊದಲ ಗುಟುಕಿಗೆ ನಾಲಿಗೆ ಯಾಕೆ ಎಂದು ಕೇಳುತ್ತಿತ್ತಂತೆ, ಮೂರನೆಯದಕ್ಕೆ ಕೇಳುವುದನ್ನು ಬಿಡುತ್ತಿತ್ತಂತೆ. ಈಗ ಯಾರೋ ಅದನ್ನು ಸರಿಪಡಿಸಿಬಿಟ್ಟಿದ್ದಾರೆ. ಇವರಿಗೆ ಯಾರು ಹೇಳಿದ್ದು ಸರಿಮಾಡು ಅಂತ ಎಂದು ನನ್ನನ್ನೇ ಕೇಳಿದರು. ನಾನು ಡ್ರಾಯರಿನಲ್ಲಿ ಫಾರಂ ಹುಡುಕಿದೆ.

ವಾಪಸ್ ತೆಗೆದುಕೊಳ್ಳಲು ಒಂದು ಫಾರಂ ತುಂಬಬೇಕು. ಅದರಲ್ಲಿ ಕಾರಣಗಳ ಪಟ್ಟಿ ಇತ್ತು. ಒಡೆದಿದೆ, ಸೋರುತ್ತಿದೆ, ಅವಧಿ ಮೀರಿದೆ, ಇತರೆ. ನಾನು ಇತರೆ ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ 'ರುಚಿ ಸುಧಾರಿಸಿದೆ' ಎಂದು ಬರೆದೆ. ಸಂಜೆ ಮ್ಯಾನೇಜರ್ ಅದನ್ನು ಎರಡು ಸಲ ಓದಿ, ನನ್ನನ್ನು ಪಕ್ಕಕ್ಕೆ ಕರೆದು, ನೀನು ಕುಡಿಯಲು ಶುರು ಮಾಡಿದ್ದೀಯಾ ಎಂದು ಮೆಲ್ಲಗೆ ವಿಚಾರಿಸಿದ.

೨. ಒದ್ದೆ ರಟ್ಟು

ಬೈದುಕೊಂಡೇ ಆದರೂ ಪ್ರೊಫೆಸರ್ ಪ್ರತಿ ಶುಕ್ರವಾರ ಬಂದರು. ಒಂದೊಂದೇ ಡಬ್ಬಿ ಒಯ್ಯುತ್ತಿದ್ದರು. ಯಾವುದಾದರೂ ಒಂದು ಡಬ್ಬಿ ಹಳೇ ಸ್ಟಾಕಿನದಾಗಿ ಕೆಟ್ಟಿರಬಹುದು ಎಂಬ ಆಸೆ.

ಅಂಥ ಒಂದು ಶುಕ್ರವಾರ ಸಿಟಿ ಕಡೆಯಿಂದ ಒಬ್ಬ ಗಡ್ಡದ ಯುವಕ ಬಂದ. ಗಾರೆ ಕೆಲಸದವರ ಜಾಕೆಟ್ ಹಾಕಿದ್ದ, ಕೈಗಳು ಮಾತ್ರ ಗುಲಾಬಿ ಬಣ್ಣಕ್ಕಿದ್ದವು. ಈಗಿನ ದುಬಾರಿ ಕ್ರಾಫ್ಟ್ ಬಿಯರ್‌ಗಳು ಅವನಿಗೆ ಸಾಕಾಗಿವೆಯಂತೆ. ಹಳೆಯ ಕಾಲದ, ಬಡವರ, ಸುಳ್ಳು ಹೇಳದ ಬಿಯರ್ ಬೇಕು ಎಂದ. ದೋಣಿ ಡಬ್ಬಿ ತೋರಿಸಿದೆ. ರುಚಿ ಹೇಗಿರುತ್ತದೆ ಎಂದು ಕೇಳಿದ. ನಾನು ಕುಡಿಯದವನು, ಸುಳ್ಳು ಹೇಳಬಾರದು, ಪಕ್ಕದಲ್ಲೇ ಇದ್ದ ಪ್ರೊಫೆಸರರನ್ನು ತೋರಿಸಿದೆ.

ಪ್ರೊಫೆಸರ್ ನಲವತ್ತು ವರ್ಷ ಪಾಠ ಮಾಡಿದವರು, ಪ್ರಶ್ನೆ ಕೇಳಿದರೆ ಪೂರ್ತಿ ಉತ್ತರ ಕೊಡುತ್ತಾರೆ. ಈಗಿನದ್ದು ಬಿಡು, ನಿಜವಾದದ್ದು ಹೀಗಿತ್ತು ಎಂದು ವಿವರಿಸಿದರು. ಮೊದಲು ಒದ್ದೆ ರಟ್ಟಿನ ರುಚಿ. ಆಮೇಲೆ ಬಾಯಲ್ಲಿ ನಾಣ್ಯ ಇಟ್ಟುಕೊಂಡ ಹಾಗೆ. ಕೊನೆಗೆ ಏನೂ ಇಲ್ಲ, ಅದು ಬಹಳ ಹೊತ್ತು ಇರುತ್ತದೆ. ಇದನ್ನು ಕೇಳಿದರೆ ಅವನು ಓಡಿ ಹೋಗುತ್ತಾನೆ ಎಂದುಕೊಂಡೆ. ಅವನು ಫೋನಿನಲ್ಲಿ ಅಷ್ಟನ್ನೂ ಬರೆದುಕೊಂಡು ಎರಡು ದೊಡ್ಡ ಪೆಟ್ಟಿಗೆ ಹೊರಿಸಿಕೊಂಡು ಹೋದ.

ಮರುವಾರ ಇನ್ನೂ ಮೂವರು ಗಡ್ಡದವರು ಬಂದು 'ಒದ್ದೆ ರಟ್ಟಿನದು' ಎಲ್ಲಿದೆ ಎಂದು ಕೇಳಿದರು. ಮ್ಯಾನೇಜರ್ ವ್ಯಾಪಾರ ಬಲ್ಲವನು. ಆ ಮೂರು ಮಾತುಗಳನ್ನು ಒಂದು ಚಂದದ ಕಾರ್ಡಿನ ಮೇಲೆ ಬರೆಸಿ ಕಪಾಟಿಗೆ ಅಂಟಿಸಿದ. ಶುಕ್ರವಾರ ಪ್ರೊಫೆಸರ್ ಬರುವ ಹೊತ್ತಿಗೆ ಕಪಾಟು ಖಾಲಿ. ಅವರು ಕನ್ನಡಕ ಹಾಕಿಕೊಂಡು ಕಾರ್ಡನ್ನು ಪೂರ್ತಿ ಓದಿದರು. ಬಿಯರ್ ಸಿಗಲಿಲ್ಲವೆಂದು ದೂರಲಿಲ್ಲ. ತಮ್ಮ ಮಾತನ್ನು ಬಳಸಿದ ಮೇಲೆ ಕೆಳಗೆ ತಮ್ಮ ಹೆಸರು, ಇಸವಿ ಹಾಕಬೇಕಿತ್ತು, ಮೊದಲ ವರ್ಷದ ವಿದ್ಯಾರ್ಥಿಗೂ ಇದು ಗೊತ್ತಿರುತ್ತದೆ ಎಂದು ಹೇಳಿ ಹೋದರು.

೩. ಐದು ಮೆಟ್ಟಿಲು

ಒಂದು ದಿನ ಮಳೆ, ಅಂಗಡಿಯಲ್ಲಿ ನಾವಿಬ್ಬರೇ. ಕೆಟ್ಟ ಬಿಯರ್ ಮೇಲೆ ಇಷ್ಟು ಪ್ರೀತಿ ಯಾಕೆ ಸರ್ ಎಂದು ಕೇಳಿಯೇಬಿಟ್ಟೆ. ಪ್ರೊಫೆಸರ್ ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತು ಹೇಳಿದರು.

ಅಮೆರಿಕದ ಮಧ್ಯಭಾಗದಲ್ಲಿ, ಜೋಳದ ಹೊಲಗಳ ನಡುವೆ ಒಂದು ಯೂನಿವರ್ಸಿಟಿ. ಅಲ್ಲಿ ಇವರೂ, ಮೈಸೂರಿನವರೇ ಆದ ಇನ್ನೊಬ್ಬ ಹುಡುಗನೂ ಒಂದೇ ರೂಮಿನಲ್ಲಿದ್ದರು. ಇಬ್ಬರೂ ಸಸ್ಯಾಹಾರಿಗಳು, ಊಟಕ್ಕೆ ಬ್ರೆಡ್ಡು, ಬೀನ್ಸ್ ಡಬ್ಬಿ, ಶುಕ್ರವಾರ ದೋಣಿ ಬಿಯರ್. ಇವರಿಗೆ ಊರಲ್ಲಿ ಒಂದು ಸಂಬಂಧ ನೋಡಿದ್ದರು. ಹುಡುಗಿಯ ಕಡೆಯವರಿಗೆ ಒಂದೇ ಅನುಮಾನ, ಹುಡುಗ ಅಮೆರಿಕದಲ್ಲಿ ಕೆಟ್ಟಿದ್ದಾನೋ ಏನೋ. ಅದಕ್ಕೆ ಇವರ ತಾಯಿ ಒಂದು ಉಪಾಯ ಮಾಡಿದರು. ಪುಟ್ಟ ರಾಜ ರಾಣಿ ಪಟ್ಟದ ಗೊಂಬೆಗಳನ್ನು ಊರಿಂದ ಬರುವವರ ಕೈಯಲ್ಲಿ ಕಳಿಸಿ, ನವರಾತ್ರಿಗೆ ಗೊಂಬೆ ಇಟ್ಟು, ಪಕ್ಕದಲ್ಲಿ ನಿಂತು ಒಂದು ಫೋಟೋ ತೆಗೆಸಿ ಕಳಿಸು, ಹುಡುಗಿಯ ಮನೆಗೆ ಕೊಡುತ್ತೇನೆ ಎಂದು ಬರೆದರು. ಸಂಸ್ಕಾರ ಉಳಿದಿದೆ ಎನ್ನುವುದಕ್ಕೆ ಒಂದು ಸರ್ಟಿಫಿಕೇಟ್.

ಗೊಂಬೆ ಇಡಲು ಮೆಟ್ಟಿಲು ಬೇಕಲ್ಲ. ರೂಮಿನಲ್ಲಿ ಗಟ್ಟಿಯಾಗಿದ್ದ ವಸ್ತು ಎಂದರೆ ಬಿಯರ್ ಪೆಟ್ಟಿಗೆ ಒಂದೇ. ಖಾಲಿ ಪೆಟ್ಟಿಗೆ ಕುಸಿಯುತ್ತದೆ, ಆದ್ದರಿಂದ ತುಂಬಿದ್ದನ್ನೇ ತಂದರು. ಐದು ಮೆಟ್ಟಿಲು ಕಟ್ಟಿ, ಮೇಲೆ ಬಿಳಿ ಪಂಚೆ ಹೊದಿಸಿದರು. ಮೇಲೆ ರಾಜ ರಾಣಿ. ಕೆಳಗಿನ ಸಾಲುಗಳಿಗೆ ಉಪ್ಪಿನ ಡಬ್ಬಿ, ಒಂದು ಆಟದ ಟ್ರ್ಯಾಕ್ಟರ್, ಹಾಲಿನ ಕಂಪನಿಯವರು ಪುಕ್ಕಟೆ ಕೊಟ್ಟ ಪ್ಲಾಸ್ಟಿಕ್ ಹಸು. ಆನೆ ಸಿಗಲಿಲ್ಲವಂತೆ. ಇವರು ಸೂಟು ಹಾಕಿ, ಹಣೆಗೆ ಕುಂಕುಮ ಇಟ್ಟುಕೊಂಡು ನಿಂತರು. ರೂಮ್‌ಮೇಟ್ ಫೋಟೋ ತೆಗೆದ.

ಪ್ರಿಂಟ್ ಬಂದಾಗ ನೋಡಿದರೆ, ಕೆಳಗಿನ ಮೆಟ್ಟಿಲಲ್ಲಿ ಪಂಚೆ ಜಾರಿ, ದೋಣಿಯ ಚಿತ್ರ ಹೊಳೆಯುತ್ತಿತ್ತು. ಇನ್ನೊಂದು ತೆಗೆಯೋಣವೆಂದರೆ ಹಬ್ಬ ಮುಗಿದು ಮೆಟ್ಟಿಲನ್ನು ಕುಡಿದಾಗಿತ್ತು. ಊರಲ್ಲಿ ಯಾರಿಗೆ ತಿಳಿಯುತ್ತದೆ ಎಂದು ಅದನ್ನೇ ಕಳಿಸಿದರು. ಹುಡುಗಿಯ ಕಡೆಯಿಂದ ಸಂಬಂಧ ಬೇಡ ಎಂದು ಒಂದೇ ಸಾಲಿನ ಉತ್ತರ ಬಂತು, ಕಾರಣ ಕೊಡಲಿಲ್ಲ. ಮರುವರ್ಷ ರೂಮ್‌ಮೇಟ್ ರಜೆಗೆ ಊರಿಗೆ ಹೋದವನು ಮದುವೆಯಾಗಿ ಬಂದ. ಅದೇ ಹುಡುಗಿಯನ್ನು.

ಆವತ್ತಿನಿಂದ ನಲವತ್ತೆಂಟು ವರ್ಷ ಇಬ್ಬರೂ ಮಾತಾಡಿಲ್ಲ. ಇವರಿಗೂ ಬೇರೆ ಕಡೆ ಮದುವೆಯಾಯಿತು, ಮಕ್ಕಳಾದರು, ಚೆನ್ನಾಗಿಯೇ ಬದುಕಿದರು. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತಂತೆ.

"ಹುಡುಗಿ ಹೋಗಿದ್ದಕ್ಕೆ ಬೇಜಾರಿಲ್ಲ ಕಣಯ್ಯ," ಎಂದರು. "ಫೋಟೋ ತೆಗೆಯೋ ಮುಂಚೆ ಪಂಚೆ ಎಳೆದಿದ್ದು ನಾನೇ ಅಂತ ಅವನು ಒಂದ್ ಸಲ ಒಪ್ಕೊಂಡಿದ್ರೆ ಸಾಕಿತ್ತು."

ನಿಮ್ಮ ತಾಯಿಗೆ ಬೇಜಾರಾಗಲಿಲ್ಲವೇ ಎಂದೆ. ಇಲ್ಲವಂತೆ. ಫೋಟೋ ನೋಡಿ ತಾಯಿ ಬರೆದದ್ದು ಇಷ್ಟೇ, ಮೆಟ್ಟಿಲು ಬಹಳ ಚೆನ್ನಾಗಿ ಬಂದಿದೆ, ಬಡಗಿ ಯಾರು?

೪. ಗ್ಯಾರೇಜಿನ ಫ್ರಿಡ್ಜ್

ಹೋದ ವರ್ಷ ನನ್ನ ಹೆಂಡತಿಗೆ ಮೆಲ್ಬರ್ನ್‌ನಲ್ಲಿ, ಬಾಕ್ಸ್ ಹಿಲ್‌ನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನಾನೂ ಹಿಂದೆಯೇ ಹೋದೆ. ಅಲ್ಲಿಂದ ಎರಡು ಬಡಾವಣೆ ಆಚೆ ಮತ್ತೊಂದು ಬಾಟಲ್ ಶಾಪ್. ಹೊರಡುವಾಗ ಪ್ರೊಫೆಸರ್ ನನ್ನ ಫೋನ್ ನಂಬರ್ ಬರೆದುಕೊಂಡು, ಕೆಟ್ಟದ್ದೇನಾದರೂ ಸಿಕ್ಕರೆ ತಿಳಿಸು ಎಂದಿದ್ದರು.

ಹೊಸ ಅಂಗಡಿ ಸೇರಿ ತಿಂಗಳಾಗಿರಬಹುದು, ಒಂದು ಫೋನ್ ಬಂತು. ಬಾಕ್ಸ್ ಹಿಲ್‌ನಿಂದ ಒಬ್ಬ ಕನ್ನಡದ ರಿಟೈರ್ಡ್ ಇಂಜಿನಿಯರ್. ಅಮೆರಿಕದ ದೋಣಿ ಚಿತ್ರದ ಬಿಯರ್ ಒಂದು ಪೆಟ್ಟಿಗೆ ಮನೆಗೆ ತಂದುಕೊಡಬಹುದಾ ಎಂದು ಕೇಳಿದರು. ಮುಂಬಾಗಿಲಿಗೆ ಬರಬೇಡ, ಬೆಲ್ ಹೊಡೆಯಬೇಡ, ಪಕ್ಕದ ಗೇಟಿನಿಂದ ಗ್ಯಾರೇಜಿಗೆ ಬಾ ಎಂದು ಮೂರು ಸಲ ಹೇಳಿದರು.

ಗ್ಯಾರೇಜಿನಲ್ಲಿ ಇಂಜಿನಿಯರ್ ಅಂಕಲ್‌ಗಿಂತ ಮೊದಲು ಸಿಕ್ಕಿದ್ದು ಅವರ ಹೆಂಡತಿ, ಆಂಟಿ. ಕೈಯಲ್ಲಿ ಹೂವಿನ ಬುಟ್ಟಿ, ಒಳಬಾಗಿಲಿನ ಹೊಸ್ತಿಲ ಮೇಲೆ ನಿಂತಿದ್ದರು, ಈ ಕಡೆ ಕಾಲಿಡಲಿಲ್ಲ. ಅಲ್ಲಿಂದಲೇ ನಿಯಮಗಳನ್ನು ತಿಳಿಸಿದರು. ಮನೆಯಲ್ಲಿ ಎರಡು ಫ್ರಿಡ್ಜ್. ಒಳಗಿನದ್ದು ದೇವರದ್ದು. ಗ್ಯಾರೇಜಿನದ್ದರಲ್ಲಿ ಬಿಯರ್, ಮೊಮ್ಮಕ್ಕಳ ಮೊಟ್ಟೆ ಕೇಕು, ಬೆಳ್ಳುಳ್ಳಿ ಉಪ್ಪಿನಕಾಯಿ. ನವರಾತ್ರಿಯ ಒಂಬತ್ತು ದಿನ ಗ್ಯಾರೇಜಿನದ್ದೂ ಖಾಲಿಯಾಗಿ ತೊಳೆದಿರಬೇಕು, ಆಗ ಡಬ್ಬಿಗಳು ಕಾರಿನ ಡಿಕ್ಕಿಗೆ ಹೋಗುತ್ತವೆ. ಕಾರು ಅಂಕಲ್‌ದು, ಅದಕ್ಕೆ ಮಡಿಯಿಲ್ಲ.

"ಗ್ಯಾರೇಜ್ ಅಂದ್ರೆ ಪರದೇಶ ಕಣಪ್ಪ," ಎಂದರು.

ನಾವಿರೋದೇ ಪರದೇಶದಲ್ಲಲ್ವ ಆಂಟಿ ಎಂದೆ. ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಾವೂರು ಎಂದು ಕೇಳಿದರು. ದಾವಣಗೆರೆ ಎಂದೆ. ಹಾಗಾದ್ರೆ ಸರಿ ಎಂದು ಕೋಡುಬಳೆ ತರಲು ಒಳಗೆ ಹೋದರು. ಏನು ಸರಿ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

೫. ಆ ಕಡೆಯ ಕಥೆ

ಇಂಜಿನಿಯರ್ ಅಂಕಲ್ ಮೊದಲ ಡಬ್ಬಿ ತೆರೆದು ಒಂದು ಗುಟುಕು ಕುಡಿದು ನಿಟ್ಟುಸಿರು ಬಿಟ್ಟರು. ಏನಾಯಿತು ಎಂದೆ.

"ಚೆನ್ನಾಗಿದೆ," ಎಂದರು, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ.

ನನಗೆ ಆಗಲೇ ಅನುಮಾನ ಬಂತು. ಕೇಳುವ ಮೊದಲೇ ಅವರು ಶುರು ಮಾಡಿದರು. ಜೋಳದ ಹೊಲ, ಯೂನಿವರ್ಸಿಟಿ, ರೂಮ್‌ಮೇಟ್, ಗೊಂಬೆ, ಐದು ಮೆಟ್ಟಿಲು. ಹಸು ಕೂಡ ಬಂತು. ನಾನು ಕೋಡುಬಳೆ ಬಾಯಲ್ಲಿಟ್ಟುಕೊಂಡು ಕಡಿಯದೆ ಕೂತೆ. ಇವರ ಕಥೆಯಲ್ಲಿ ಪಂಚೆಯನ್ನು ಯಾರೂ ಎಳೆದಿರಲಿಲ್ಲ. ಫೋಟೋದ ಹಿಂದಿನ ದಿನ ಆ ರೂಮ್‌ಮೇಟೇ ಆಸೆ ತಡೆಯಲಾರದೆ ಕೆಳಗಿನ ಪೆಟ್ಟಿಗೆಯಿಂದ ನಾಲ್ಕು ಡಬ್ಬಿ ತೆಗೆದು ಕುಡಿದ, ಮೆಟ್ಟಿಲು ಕುಸಿಯಿತು, ಪಂಚೆ ತಾನಾಗಿಯೇ ಜಾರಿತು. ಹುಡುಗಿ ನೋಡಲು ಹೋದಾಗ ಅವಳು ಅದೇ ಹುಡುಗಿ ಎಂದು ಇವರಿಗೆ ಗೊತ್ತೇ ಇರಲಿಲ್ಲ. ಗೊತ್ತಾದಾಗ ಎರಡು ತಟ್ಟೆ ಕೇಸರಿಭಾತು ತಿಂದಾಗಿತ್ತು, ಬೇಡ ಅನ್ನುವುದು ಹೇಗೆ.

ಈ ವಿಷಯವನ್ನು ಆಂಟಿಯ ಹತ್ತಿರ ಯಾವತ್ತಾದರೂ ಮಾತಾಡಿದ್ದೀರಾ ಎಂದೆ. ಅಂಕಲ್ ಒಳಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಮನೆಯಲ್ಲಿ ಶಾಂತಿ ಇದೆ ಎಂದರು.

ಡಾಕ್ಟರ್, ಲಾಯರ್, ಬಾಟಲ್ ಶಾಪಿನವನು, ಈ ಮೂವರೂ ಗಿರಾಕಿಯ ಗುಟ್ಟು ಬಿಡಬಾರದು ಎಂಬುದು ನನ್ನ ನಂಬಿಕೆ. ಒಂದು ವಾರ ತಡೆದುಕೊಂಡೆ. ಎಂಟನೇ ದಿನ ಸಿಡ್ನಿಯಿಂದ ಪ್ರೊಫೆಸರರೇ ಫೋನ್ ಮಾಡಿದರು. ಹೃದಯದ ಒಂದು ವಾಲ್ವ್ ಸರಿಯಿಲ್ಲ, ಮುಂದಿನ ತಿಂಗಳು ಆಪರೇಷನ್, ಆಮೇಲೆ ಮಾತ್ರೆ. ಬಿಯರ್ ಮುಟ್ಟುವಂತಿಲ್ಲ. ಬಹಳ ಬೇಡಿಕೊಂಡ ಮೇಲೆ ಡಾಕ್ಟರ್ ಕೊನೆಯದಾಗಿ ಒಂದು ಡಬ್ಬಿಗೆ ಒಪ್ಪಿದ್ದಾರಂತೆ. ಆ ಒಂದು ಡಬ್ಬಿಯನ್ನು ಹೇಗೆ ಕುಡಿಯುವುದು ಎಂದು ಯೋಚಿಸುತ್ತಿದ್ದಾರೆ.

ನಾನು ತಡೆಯಲಾರದೆ ಹೇಳಿಬಿಟ್ಟೆ. ಸರ್, ನಿಮ್ಮ ರೂಮ್‌ಮೇಟ್ ಇಲ್ಲೇ ಇದ್ದಾರೆ, ಅದೇ ಡಬ್ಬಿ ತರಿಸ್ತಾರೆ, ಚೆನ್ನಾಗಿದೆ ಅಂತ ಅಳ್ತಾರೆ.

ಅವನಿಗೂ ಚೆನ್ನಾಗಿದೆಯಾ ಎಂದು ಪ್ರೊಫೆಸರ್ ಎರಡು ಸಲ ಕೇಳಿದರು. ಹೌದು ಎಂದೆ.

"ಅದು ಎಷ್ಟು ಕೆಟ್ಟದಾಗಿತ್ತು ಅಂತ ಗೊತ್ತಿರೋನು ಪ್ರಪಂಚದಲ್ಲಿ ಅವನೊಬ್ಬನೇ," ಎಂದರು. "ಆ ಡಬ್ಬಿ ಅವನ ಜೊತೆ ಕುಡೀಬೇಕು ಕಣಯ್ಯ. ಒಪ್ತಾನಾ ಕೇಳ್ತೀಯಾ?"

ಅವತ್ತೇ ಬಾಕ್ಸ್ ಹಿಲ್‌ಗೆ ಹೋಗಿ ಕೇಳಿದೆ. ಇಂಜಿನಿಯರ್ ಎದ್ದು ನಿಂತು, ಅಂಥವನೊಬ್ಬ ಇದ್ದಾನೆ ಎಂಬುದೇ ನನಗೆ ನೆನಪಿಲ್ಲ, ಹಾಗಂತ ಹೇಳು ಎಂದರು. ನಾನು ಹೊರಟೆ. ಗೇಟಿನ ತನಕ ಬಂದು, ಅವನಿಗೆ ಫ್ಲೈಟಲ್ಲಿ ಕಿಟಕಿ ಪಕ್ಕ ಕೂತ್ರೆ ತಲೆ ಸುತ್ತುತ್ತೆ, ಓಡಾಡೋ ದಾರಿ ಪಕ್ಕದ ಸೀಟ್ ಬುಕ್ ಮಾಡೋಕೆ ಹೇಳು ಎಂದರು.

೬. ರಾಣಿ ಯಾವ ಕಡೆ

ಪ್ರೊಫೆಸರ್ ಬಂದದ್ದು ಸರಿಯಾಗಿ ನವರಾತ್ರಿಯ ನಡುವೆ, ಮಧ್ಯಾಹ್ನ ಮೂರು ಗಂಟೆಗೆ. ಏರ್‌ಪೋರ್ಟಿನಿಂದ ನಾನೇ ಕರೆತಂದೆ. ದಾರಿಯುದ್ದಕ್ಕೂ ಒಂದೇ ಮಾತು, ಒಂದು ಡಬ್ಬಿ ಕುಡಿದು ಹೊರಡುತ್ತೇನೆ, ಪಂಚೆಯ ವಿಷಯ ಎತ್ತುವುದಿಲ್ಲ.

ಇಂಜಿನಿಯರ್ ಗ್ಯಾರೇಜಿನಲ್ಲಿ ಮೂರು ಕುರ್ಚಿ ಹಾಕಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತಬ್ಬಿಕೊಳ್ಳಬಹುದು ಎಂದು ನಾನು ಸ್ವಲ್ಪ ಪಕ್ಕಕ್ಕೆ ಸರಿದೆ. ದಪ್ಪ ಆಗಿದ್ದೀಯ ಎಂದರು ಪ್ರೊಫೆಸರ್. ನೀನು ಕುಳ್ಳಗಾಗಿದ್ದೀಯ ಎಂದರು ಇಂಜಿನಿಯರ್. ಇಬ್ಬರೂ ಕೂತರು.

ಗ್ಯಾರೇಜಿನ ಫ್ರಿಡ್ಜ್ ತೊಳೆದು ಬಾಗಿಲು ತೆರೆದಿಟ್ಟಿತ್ತು. ಡಬ್ಬಿಗಳು ಕಾರಿನ ಡಿಕ್ಕಿಯಲ್ಲಿದ್ದವು. ಆ ವಾರ ಮೆಲ್ಬರ್ನ್‌ನಲ್ಲಿ ಎಂದೂ ಇಲ್ಲದ ಬಿಸಿಲು, ಕಾರು ನಾಲ್ಕು ದಿನದಿಂದ ರಸ್ತೆಯಲ್ಲೇ ನಿಂತಿತ್ತು. ಇಂಜಿನಿಯರ್ ಡಿಕ್ಕಿ ತೆಗೆದು ಎರಡು ಡಬ್ಬಿ ತಂದರು. ಮುಟ್ಟಿದರೆ ಕಾಫಿ ಲೋಟದ ಹಾಗಿದ್ದವು. ತಣ್ಣಗಿರುವುದನ್ನು ಅಂಗಡಿಯಿಂದ ತರಲೇ ಎಂದೆ, ನನ್ನ ಕಡೆ ಯಾರೂ ನೋಡಲಿಲ್ಲ.

ಪ್ರೊಫೆಸರ್ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಮುಖ ಕಿವುಚಿದ ಹಾಗಾಯಿತು. ಇಂಜಿನಿಯರ್ ಕುಡಿದರು, ಅವರ ಮುಖವೂ ಹಾಗೇ ಆಯಿತು.

"ರಟ್ಟು," ಎಂದರು ಪ್ರೊಫೆಸರ್.

"ಒದ್ದೆ ರಟ್ಟು," ಎಂದರು ಇಂಜಿನಿಯರ್.

ಆಮೇಲೆ ಇಬ್ಬರೂ ಒಟ್ಟಿಗೆ ಇನ್ನೊಂದು ಗುಟುಕು ಕುಡಿದರು. ಪ್ರೊಫೆಸರರ ಕಣ್ಣಲ್ಲಿ ನೀರಿತ್ತು. ಈ ಒಂದು ಗುಟುಕಿಗೆ ಅವರು ಸಿಡ್ನಿಯ ಕಪಾಟಿನ ಮುಂದೆ ಎಷ್ಟು ಶುಕ್ರವಾರ ನಿಂತಿದ್ದರು ಎಂದು ನೋಡಿದವನು ನಾನು.

ಅರ್ಧ ಡಬ್ಬಿಗೆ ಸರಿಯಾಗಿ ಪಂಚೆಯ ವಿಷಯ ಬಂತು. ನೀನು ಎಳೆದೆ, ನೀನು ಕುಡಿದೆ, ಎಳೆದೆ, ಕುಡಿದೆ ಎಂದು ದನಿ ಏರಿತು. ಪ್ರೊಫೆಸರ್ ಡಬ್ಬಿ ಕೆಳಗಿಟ್ಟು ಟೋಪಿ ಹುಡುಕತೊಡಗಿದರು. ಇನ್ನೊಂದು ನಿಮಿಷದಲ್ಲಿ ಎದ್ದು ಹೋಗುತ್ತಾರೆ, ಹೋದರೆ ಇನ್ನು ಈ ಜನ್ಮಕ್ಕಿಲ್ಲ ಎನಿಸಿತು. ಆಗ ಒಳಬಾಗಿಲು ತೆರೆಯಿತು. ಆಂಟಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮೂರು ದೊನ್ನೆ ಸಜ್ಜಿಗೆ. ಪ್ರೊಫೆಸರರನ್ನು ನೋಡಿ, ಫೋಟೋದಲ್ಲಿ ಕೂದಲು ಜಾಸ್ತಿ ಇತ್ತು ಎಂದರು.

ಪ್ರೊಫೆಸರ್ ಎದ್ದು ಕೈಮುಗಿದರು. ಆಮೇಲೆ ನಲವತ್ತೆಂಟು ವರ್ಷದ ಮಾತನ್ನು ಬಹಳ ಮರ್ಯಾದೆಯಿಂದ ಆಡಿದರು. ಆ ಫೋಟೋದಲ್ಲಿ ಕಂಡ ಬಿಯರ್ ಪೆಟ್ಟಿಗೆಯಿಂದ ನಿಮ್ಮ ಮನೆಯವರಿಗೆ ಬೇಸರವಾಗಿದ್ದರೆ ಕ್ಷಮೆ ಇರಲಿ, ಆದರೆ ಪಂಚೆ ಸರಿದದ್ದು ನನ್ನ ತಪ್ಪಲ್ಲ.

"ಬಿಯರ್ ಪೆಟ್ಟಿಗೆ ಎಲ್ಲಿತ್ತು?" ಎಂದರು ಆಂಟಿ.

ಕೆಳಗಿನ ಮೆಟ್ಟಿಲಲ್ಲಿ ಎಂದರು ಇಬ್ಬರೂ ಒಟ್ಟಿಗೆ.

"ನಮ್ಮನೇಲಿ ಬಿಯರ್ ಪೆಟ್ಟಿಗೆ ಯಾರು ಕಂಡಿದ್ರು? ಸಂಬಂಧ ಬೇಡ ಅಂತ ಅಪ್ಪಂಗೆ ಹೇಳಿದ್ದು ನಾನೇ. ರಾಜ ರಾಣಿ ಅದಲು ಬದಲಾಗಿದ್ರು. ಪಟ್ಟದ ಗೊಂಬೆ ಇಡೋಕೂ ಬರದೇ ಇರೋ ಮನುಷ್ಯ ಬೇಡ ಅಂದೆ."

ಪ್ರೊಫೆಸರ್ ನಿಧಾನವಾಗಿ ತಿರುಗಿ ಇಂಜಿನಿಯರರನ್ನು ನೋಡಿದರು. ಇಂಜಿನಿಯರ್ ಲಾನ್ ಮೂವರ್‌ನ ಚಕ್ರವನ್ನು ಪರೀಕ್ಷಿಸುತ್ತಿದ್ದರು.

"ಅವತ್ತು ಇಡೀ ದಿನ ನಾನು ಲ್ಯಾಬಲ್ಲಿದ್ದೆ," ಎಂದರು ಪ್ರೊಫೆಸರ್. "ಬಂದು ಫೋಟೋಗೆ ನಿಂತೆ, ಅಷ್ಟೆ. ಗೊಂಬೆ ಇಟ್ಟಿದ್ದು ಇವನು."

ಆಂಟಿ ಒಂದು ದೊನ್ನೆ ಪ್ರೊಫೆಸರರಿಗೆ ಕೊಟ್ಟರು, ಒಂದು ನನಗೆ ಕೊಟ್ಟರು. ಮೂರನೆಯದನ್ನು ಕೈಯಲ್ಲೇ ಹಿಡಿದುಕೊಂಡು ಗಂಡನ ಕಡೆ ತಿರುಗಿದರು. ಇಷ್ಟು ವರ್ಷದಿಂದ ಈ ಮನೆಯಲ್ಲಿ ಗೊಂಬೆ ಇಡುತ್ತಿದ್ದೇನೆ, ರಾಣಿ ಯಾವ ಕಡೆ ಇರಬೇಕು ಹೇಳಿ, ಆಮೇಲೆ ಸಜ್ಜಿಗೆ ಎಂದರು.

ಇಂಜಿನಿಯರರ ಹಣೆಯಲ್ಲಿ ಬೆವರು. ಪ್ರೊಫೆಸರ್ ನಲವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದವರು. ಅವರು ಚಾವಣಿ ನೋಡುತ್ತ, ಬಲಗೈಯಲ್ಲಿದ್ದ ದೊನ್ನೆಯನ್ನು ಮೆಲ್ಲಗೆ ಎಡಗೈಗೆ ಬದಲಾಯಿಸಿದರು.

"ಎಡಗಡೆ," ಎಂದರು ಇಂಜಿನಿಯರ್.

"ಯಾರ ಎಡಗಡೆ? ನಮ್ಮ ಎಡಗಡೆಯೋ, ರಾಜನ ಎಡಗಡೆಯೋ?"

ಇಂಜಿನಿಯರ್ ಪ್ರೊಫೆಸರರನ್ನು ನೋಡಿದರು. ಪ್ರೊಫೆಸರ್ ತಮ್ಮ ಎರಡೂ ಕೈ ನೋಡಿಕೊಂಡರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ನಮ್ಮ ಮನೆಯಲ್ಲಿ ಗೊಂಬೆ ಇಡುವ ಪದ್ಧತಿಯಿಲ್ಲ ಎಂದೆ. ಆಂಟಿ ನಮ್ಮಿಬ್ಬರ ಕೈಯಲ್ಲಿದ್ದ ದೊನ್ನೆಗಳನ್ನೂ ವಾಪಸ್ ತಟ್ಟೆಗೆ ಇಟ್ಟುಕೊಂಡು, ಗೊತ್ತಾದ ಮೇಲೆ ಕರೆಯಿರಿ ಎಂದು ಒಳಗೆ ಹೋದರು. ಬಾಗಿಲು ಮುಚ್ಚಿತು.

ಪ್ರೊಫೆಸರ್ ಡಬ್ಬಿಯಲ್ಲಿ ಉಳಿದದ್ದನ್ನು ಕೊನೆಯ ಹನಿಯವರೆಗೆ ಕುಡಿದು ಮುಗಿಸಿದರು. ಇಂಜಿನಿಯರ್ ಗಂಟಲು ಸರಿಮಾಡಿಕೊಂಡರು.

"ಒಪ್ಕೋತೀನಿ ಕಣೋ," ಎಂದರು. "ಪಂಚೆ ಎಳೆದಿದ್ದು ನಾನೇ. ನಿನ್ನ ಉಳಿಸೋಣ ಅಂತ."

ಪ್ರೊಫೆಸರ್ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ಸ್ವಲ್ಪ ಯೋಚಿಸಿ, ಗೆಳೆಯನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಎಂದರು.

ಬಾಗಿಲ ಆ ಕಡೆಯಿಂದ ಆಂಟಿಯ ದನಿ ಬಂತು.

"ನನಗೆ ಕೇಳಿಸ್ತು."